ನಿಮ್ಮ ತೂಕ ರಿಜಿಸ್ಟರಿನಲ್ಲೇ ಉಳಿಯಬಾರದು



ವರ್ಷಕ್ಕೊಮ್ಮೆ ನಿಮ್ಮ ಶಾಲೆಗೆ ಆರೋಗ್ಯ ಇಲಾಖೆಯ ತಂಡ ಬರುತ್ತದೆ. ವೈದ್ಯರು, ನರ್ಸ್ ವಾಹನದಿಂದ ಇಳಿಯುತ್ತಾರೆ. ನೀವು ಸಾಲಾಗಿ ನಿಲ್ಲುತ್ತೀರಿ. ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ಹತ್ತುತ್ತೀರಿ. ಗೋಡೆಗೆ ಬೆನ್ನು ತಾಗಿಸಿ ಎತ್ತರ ಅಳೆಸಿಕೊಳ್ಳುತ್ತೀರಿ. ಕಣ್ಣು, ಹಲ್ಲು, ನಾಲಗೆ ತೋರಿಸುತ್ತೀರಿ. ಅವರು ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ವಾಹನ ಮುಂದಿನ ಊರಿಗೆ ಹೊರಟುಹೋಗುತ್ತದೆ.

ಈಗ ನಿಮಗೊಂದು ಪ್ರಶ್ನೆ. ಆ ದಿನ ಬರೆದುಕೊಂಡ ನಿಮ್ಮ ತೂಕ ಎಷ್ಟು? ಎತ್ತರ ಎಷ್ಟು? ಹಿಂದಿನ ವರ್ಷ ಎಷ್ಟಿತ್ತು? ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ನೆನಪಿಲ್ಲ ಎಂದು ತಲೆ ಅಲ್ಲಾಡಿಸುವವರೇ ಹೆಚ್ಚು ಎಂದು ನನಗನಿಸುತ್ತದೆ. ಪರೀಕ್ಷೆಯ ಅಂಕ ನೆನಪಿರುತ್ತದೆ, ಕ್ರಿಕೆಟ್ ಆಟಗಾರರ ರನ್ನುಗಳು ನೆನಪಿರುತ್ತವೆ. ನಮ್ಮದೇ ದೇಹದ ಅಂಕಿ ಮಾತ್ರ ರಿಜಿಸ್ಟರಿನಲ್ಲಿ ಮಲಗಿರುತ್ತದೆ.

ಇದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮನ್ನು ತೂಗುವವರು ಆರೋಗ್ಯ ಇಲಾಖೆಯವರು. ನಿಮಗೆ ಊಟ ಬಡಿಸುವವರು, ಆಟ ಆಡಿಸುವವರು ಶಾಲೆಯವರು. ಈ ಇಬ್ಬರೂ ಕುಳಿತು ಮಾತನಾಡದಿದ್ದರೆ ತೂಗಿದ್ದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಮಾತು ಇನ್ನೂ ಮುಖ್ಯ. ಏಕೆ ಎಂದು ನೋಡೋಣ ಬನ್ನಿ.

ಚುಕ್ಕಿಯಲ್ಲ, ಗೆರೆ ಮುಖ್ಯ

ತೂಕವೊಂದನ್ನೇ ನೋಡಿ ಮಗು ಆರೋಗ್ಯವಾಗಿದೆಯೇ ಎಂದು ಹೇಳಲು ಬರುವುದಿಲ್ಲ. ಉದ್ದವಾಗಿರುವವರ ತೂಕ ಸಹಜವಾಗಿಯೇ ಹೆಚ್ಚಿರುತ್ತದೆ. ಆದ್ದರಿಂದ ತೂಕವನ್ನು ಎತ್ತರದ ಜೊತೆ ಹೋಲಿಸಬೇಕು. ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕ್ವೆಟಲೆ 1830ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿಸಿದ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ವೈದ್ಯರು ಇದನ್ನು ಬಿ.ಎಂ.ಐ. ಎನ್ನುತ್ತಾರೆ. ವರ್ಗ ಮಾಡುವುದು, ಭಾಗಿಸುವುದು ನಿಮಗೆ ಬರುತ್ತದೆ. ಒಂದು ಲೆಕ್ಕ ಮಾಡೋಣ.

11 ವರ್ಷದ ಒಬ್ಬ ಹುಡುಗಿಯ ತೂಕ 30 ಕಿಲೋ, ಎತ್ತರ 138 ಸೆಂಟಿಮೀಟರ್ ಎಂದುಕೊಳ್ಳಿ. 1.38ನ್ನು 1.38ರಿಂದ ಗುಣಿಸಿದರೆ ಸುಮಾರು 1.90. ಮೂವತ್ತನ್ನು ಅದರಿಂದ ಭಾಗಿಸಿದರೆ ಸುಮಾರು 15.8 ಬರುತ್ತದೆ. ಮರುವರ್ಷ ಅವಳ ತೂಕ 31 ಕಿಲೋ, ಎತ್ತರ 145 ಸೆಂಟಿಮೀಟರ್ ಆಯಿತು. ತೂಕ ಹೆಚ್ಚಿದೆ, ಸಂತೋಷ ಎನ್ನುತ್ತೀರಾ? ಲೆಕ್ಕ ಮಾಡಿ ನೋಡಿ. 1.45ರ ವರ್ಗ ಸುಮಾರು 2.10. ಮೂವತ್ತೊಂದನ್ನು ಅದರಿಂದ ಭಾಗಿಸಿದರೆ 14.7. ತೂಕ ಒಂದು ಕಿಲೋ ಏರಿದರೂ ಸೂಚ್ಯಂಕ ಇಳಿದಿದೆ!

ದೊಡ್ಡವರಲ್ಲಿ ಈ ಸಂಖ್ಯೆ 18.5ಕ್ಕಿಂತ ಕಡಿಮೆಯಿದ್ದರೆ ತೂಕ ಸಾಲದು ಎನ್ನುತ್ತಾರೆ. ಮಕ್ಕಳಿಗೆ ಆ ಅಳತೆ ನಡೆಯುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ವರ್ಷದಿಂದ ವರ್ಷಕ್ಕೆ ಅಳತೆ ಬದಲಾಗುತ್ತದೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆಯಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 12 ವರ್ಷ ತುಂಬಿದ ಹುಡುಗಿಯ ಸೂಚ್ಯಂಕ 14.4ಕ್ಕಿಂತ ಕಡಿಮೆಯಾದರೆ ತೆಳು, 20.8ಕ್ಕಿಂತ ಹೆಚ್ಚಾದರೆ ಅತಿತೂಕ. ಅದೇ ವಯಸ್ಸಿನ ಹುಡುಗನಿಗೆ ಆ ಎರಡು ಗಡಿಗಳು 14.5 ಮತ್ತು 19.9.

ಈಗ ಆ ಹುಡುಗಿಯನ್ನು ಮತ್ತೆ ನೋಡಿ. ಎರಡೂ ವರ್ಷ ಅವಳು ಗಡಿಯ ಒಳಗೇ ಇದ್ದಾಳೆ. ಪಟ್ಟಿ ನೋಡಿದವರು 'ಸರಿಯಿದೆ' ಎಂದು ಗುರುತು ಹಾಕಿರುತ್ತಾರೆ. ಆದರೆ ಎರಡು ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದರೆ ಅದು ಗಡಿಯ ಕಡೆಗೆ ಜಾರುತ್ತಿರುವುದು ಕಾಣುತ್ತದೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ಬೆಳೆಯುವುದುಂಟು. ಆ ಓಟಕ್ಕೆ ತಕ್ಕಷ್ಟು ಆಹಾರ ಅವಳಿಗೆ ಸಿಗುತ್ತಿದೆಯೇ, ಮೈಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಯಾರಾದರೂ ಕೇಳಲೇಬೇಕು. ಗೆರೆ ಎಳೆಯದಿದ್ದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ನೀವು ಅಂಗನವಾಡಿಗೆ ಹೋಗುತ್ತಿದ್ದಾಗ ನಿಮಗೆ ಇಂಥದ್ದೊಂದು ಗೆರೆ ಇತ್ತು. ಅಂಗನವಾಡಿ ಟೀಚರ್ ತಿಂಗಳು ತಿಂಗಳು ತೂಗಿ, ಬಣ್ಣದ ಪಟ್ಟಿಗಳಿರುವ ನಕ್ಷೆಯಲ್ಲಿ ಚುಕ್ಕಿ ಇಡುತ್ತಿದ್ದರು. ಒಂದನೇ ತರಗತಿಗೆ ಬಂದ ಮೇಲೆ ಆ ಗೆರೆ ಮುಂದುವರಿಯಲಿಲ್ಲ. ಮಗು ಬೆಳೆಯುವುದನ್ನು ನಿಲ್ಲಿಸಿತೇ? ಇಲ್ಲವಲ್ಲ. ನಾವು ನೋಡುವುದನ್ನು ನಿಲ್ಲಿಸಿದೆವು, ಅಷ್ಟೆ.

ಒಂದೇ ಬೆಂಚಿನಲ್ಲಿ ಎರಡು ತೊಂದರೆ

ಹಿಂದೆ ಮಕ್ಕಳ ತೂಕ ಎಂದರೆ ಕಡಿಮೆ ತೂಕದ ಚಿಂತೆ ಮಾತ್ರ ಇತ್ತು. ಈಗ ಹಾಗಿಲ್ಲ. 2016ರಿಂದ 2018ರವರೆಗೆ ನಮ್ಮ ದೇಶದಲ್ಲಿ ಮಕ್ಕಳ ಪೋಷಣೆಯ ಬಗ್ಗೆ ಸಮಗ್ರ ರಾಷ್ಟ್ರೀಯ ಸಮೀಕ್ಷೆ ನಡೆಯಿತು. 10ರಿಂದ 19 ವರ್ಷದ ನೂರು ಮಕ್ಕಳಲ್ಲಿ ಸುಮಾರು 24 ಮಂದಿ ತೆಳುವಾಗಿದ್ದರು, ಸುಮಾರು 5 ಮಂದಿಗೆ ಅತಿತೂಕವಿತ್ತು. ಇಡೀ ಜಗತ್ತನ್ನು ತೆಗೆದುಕೊಂಡರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಕಡಿಮೆ ತೂಕದ ಪ್ರಮಾಣವನ್ನು ಮೊದಲ ಬಾರಿಗೆ ಮೀರಿದೆ ಎಂದು ಯುನಿಸೆಫ್ 2025ರಲ್ಲಿ ಹೇಳಿತು. ಒಂದೇ ಬೆಂಚಿನ ಒಂದು ತುದಿಯಲ್ಲಿ ತೂಕ ಸಾಲದ ಮಗು, ಇನ್ನೊಂದು ತುದಿಯಲ್ಲಿ ತೂಕ ಹೆಚ್ಚಾದ ಮಗು ಕುಳಿತಿರಬಹುದು. ಇಬ್ಬರಿಗೂ ಒಂದೇ ಉಪದೇಶ ಹೇಳಿದರೆ ಆಗುವುದಿಲ್ಲ.

ನಮ್ಮಲ್ಲಿ ಇರುವ ಸೌಲಭ್ಯಗಳು

ಶಾಲೆಗೆ ವೈದ್ಯರು ಬರುವುದು ಹೊಸ ಸಂಗತಿಯಲ್ಲ. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ಆರೋಗ್ಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡ ನಗರದಲ್ಲಿ. ಶಾಲೆಯಲ್ಲೇ ಬಿಸಿಯೂಟ ಬೇಯಿಸಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರಲ್ಲಿ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಶುರುವಾಯಿತು.

ಆರೋಗ್ಯ ಇಲಾಖೆಯ ಕಡೆಯಿಂದಲೂ ಕೆಲಸ ನಡೆದಿದೆ. ನಿಮ್ಮ ಶಾಲೆಗೆ ಬರುವ ತಂಡ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುವುದು ಅದರ ಕೆಲಸ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, 2015ರಿಂದ ಜಂತುಹುಳು ನಿವಾರಣಾ ದಿನದ ಮಾತ್ರೆ ಶಾಲೆಯಲ್ಲೇ ನಿಮ್ಮ ಕೈಗೆ ಬರುತ್ತಿವೆ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯಗಳು ಸೇರಿಯೇ ಒಂದು ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ತರಬೇತಿಗೊಳಿಸುವುದು ಅದರ ಯೋಜನೆ.

ನೋಡಿ, ಹಳ್ಳದ ಆಚೆ ದಡವೂ ಇದೆ, ಈಚೆ ದಡವೂ ಇದೆ. ನಡುವೆ ಕಾಲುಸಂಕ ಗಟ್ಟಿಯಾಗಬೇಕು.

ಒಬ್ಬರಿಂದಲೇ ಆಗದ ಕೆಲಸ

ಕೂಡಿ ಕೆಲಸ ಮಾಡುವುದು ಏಕೆ ಬೇಕು? ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ಜಂತುಹುಳು. ಮಲೆನಾಡಿನ ಮಣ್ಣು ವರ್ಷದ ಬಹುಕಾಲ ತೇವವಾಗಿರುತ್ತದೆ. ಬಯಲಿನಲ್ಲಿ ಶೌಚ ಮಾಡಿದ ಜಾಗದಲ್ಲಿ ಕೊಕ್ಕೆಹುಳುವಿನ ಮರಿಗಳು ಇಂಥ ಮಣ್ಣಿನಲ್ಲಿ ಬದುಕುಳಿಯುತ್ತವೆ. ಅಡಿಕೆ ತೋಟದಲ್ಲೋ ಗದ್ದೆಯ ಬದಿಯಲ್ಲೋ ಬರಿಗಾಲಿನಲ್ಲಿ ನಡೆದರೆ ಅವು ಚರ್ಮದ ಮೂಲಕ ಒಳಸೇರಿ ಕರುಳಿಗೆ ಹೋಗಿ ರಕ್ತ ಹೀರುತ್ತವೆ. ಇಂಥ ಮಗುವಿಗೆ ಶಾಲೆಯಲ್ಲಿ ಎಷ್ಟು ಬಡಿಸಿದರೂ ಮೈ ಹಿಡಿಯುವುದಿಲ್ಲ, ಸುಸ್ತು ಹೋಗುವುದಿಲ್ಲ. ಇಲ್ಲಿ ಅಡುಗೆಮನೆಯ ಜೊತೆಗೆ ಔಷಧವೂ ಬೇಕು. ಆದರೆ ಮಾತ್ರೆ ಕೊಟ್ಟ ದಿನ ಮಗು ಗೈರುಹಾಜರಾಗಿದ್ದರೆ? ಯಾರು ಬಂದಿಲ್ಲ ಎಂಬುದು ಮೇಷ್ಟರಿಗೆ ಮಾತ್ರ ಗೊತ್ತು. ಕಬ್ಬಿಣಾಂಶದ ಮಾತ್ರೆಯ ಮೇಲೆ ಚಹಾ ಕುಡಿದರೆ ಚಹಾದ ಒಗರು ಆ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನೆಲ್ಲಿಕಾಯಿ, ನಿಂಬೆಹುಳಿ ಮೈಗೆ ಹತ್ತಲು ಸಹಾಯ ಮಾಡುತ್ತವೆ. ಇದನ್ನು ಮನೆಮನೆಗೆ ಮುಟ್ಟಿಸಬಲ್ಲವರು ಶಾಲೆಯ ಮಕ್ಕಳೇ.

ಎರಡನೆಯದು ಹಲ್ಲು. ಹುಳುಕು ಹಲ್ಲಿನ ನೋವಿರುವ ಮಗು ಗಟ್ಟಿಯಾದುದನ್ನು ಅಗಿಯಲಾರದೆ ತಟ್ಟೆಯಲ್ಲೇ ಬಿಡುತ್ತದೆ. ಬಡಿಸುವವರಿಗೆ 'ಊಟ ಸೇರುವುದಿಲ್ಲ' ಎಂದು ಕಾಣುತ್ತದೆ. ತಪಾಸಣೆ ಮಾಡಿದವರಿಗೆ 'ಹುಳುಕು ಹಲ್ಲು' ಎಂದು ಕಾಣುತ್ತದೆ. ಎರಡೂ ಮಾತು ಒಂದೆಡೆ ಸೇರಿದರೆ ಮಾತ್ರ ತೂಕ ಇಳಿದದ್ದೇಕೆ ಎಂಬುದು ತಿಳಿಯುತ್ತದೆ.

ಮೂರನೆಯದು ಹೆಚ್ಚಿದ ತೂಕ. 'ಪೊಟ್ಟಣದ ತಿಂಡಿ ಬಿಡು, ದಿನಕ್ಕೆ ಒಂದು ಗಂಟೆ ಆಡು' ಎಂದು ವೈದ್ಯರು ಹೇಳಿ ಹೋಗುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಸರಿ, ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅದಕ್ಕೆ ಪೈಪೋಟಿ ಕೊಡುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟದ ಮೈದಾನವೇ ಕೆರೆಯಾಗುವಾಗ ಮಗು ಎಲ್ಲಿ ಆಡಬೇಕು? ಇದಕ್ಕೆ ಉತ್ತರ ಆಸ್ಪತ್ರೆಯಲ್ಲಿಲ್ಲ, ಶಾಲೆಯ ಜಗಲಿಯಲ್ಲಿದೆ. ಕುಂಟೆಬಿಲ್ಲೆ, ಹಗ್ಗದಾಟ, ಸೂರ್ಯನಮಸ್ಕಾರಕ್ಕೆ ದೊಡ್ಡ ಜಾಗ ಬೇಡ. ನಮ್ಮ ಕಡೆಯ ಯಕ್ಷಗಾನದ ಹೆಜ್ಜೆಯನ್ನು ಅರ್ಧ ಗಂಟೆ ಹಾಕಿ ನೋಡಿ, ಜಡಿಮಳೆಯಲ್ಲೂ ಬೆವರು ಇಳಿಯುತ್ತದೆ!

ತಿಂಡಿಯ ವಿಷಯವೂ ಹಾಗೆಯೇ. 30 ಗ್ರಾಂ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸ್‌ನಲ್ಲಿ ಸುಮಾರು 160 ಕಿಲೋಕ್ಯಾಲೊರಿ ಶಕ್ತಿಯಿದೆ, ಪ್ರೋಟೀನು ಇರುವುದು ಸುಮಾರು 2 ಗ್ರಾಂ ಮಾತ್ರ. ಒಂದು ಬೇಯಿಸಿದ ಮೊಟ್ಟೆ ಅದರ ಅರ್ಧದಷ್ಟು ಶಕ್ತಿಯಲ್ಲೇ 6 ಗ್ರಾಂ ಪ್ರೋಟೀನು ಕೊಡುತ್ತದೆ. 250 ಮಿಲಿಲೀಟರಿನ ಒಂದು ಬಾಟಲಿ ತಂಪುಪಾನೀಯದಲ್ಲಿ ಸುಮಾರು 25 ಗ್ರಾಂ, ಎಂದರೆ ಐದಾರು ಚಮಚ ಸಕ್ಕರೆ ಇರುತ್ತದೆ. ಮನೆಯಲ್ಲಿ ಒಂದು ಲೋಟ ಪಾನಕಕ್ಕೆ ಅಷ್ಟು ಸಕ್ಕರೆ ಹಾಕಿದರೆ ಅಮ್ಮ ಸುಮ್ಮನಿರುತ್ತಾರೆಯೇ? ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಆ ನಿಯಮ ಇದೆ ಎಂದು ಊರಿಗೆ ತಿಳಿಸಬೇಕಾದವರು ಶಾಲೆಯವರು.

ತೂಗಿ ಬಿಟ್ಟರೆ ಏನಾಗುತ್ತದೆ?

'ತೂಗಿ, ಮನೆಗೆ ಚೀಟಿ ಕಳಿಸಿದರೆ ಸಾಕಲ್ಲ, ಉಳಿದದ್ದನ್ನು ಅಪ್ಪ ಅಮ್ಮ ನೋಡಿಕೊಳ್ಳುತ್ತಾರೆ' ಎನ್ನುವವರಿದ್ದಾರೆ. ಇದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2014ರಿಂದ 2017ರವರೆಗೆ 79 ಶಾಲೆಗಳ ಸಾವಿರಾರು ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನವರನ್ನು ಶಾಲೆಯಲ್ಲಿ ತೂಗಿ ಮನೆಗೆ ವರದಿ ಕಳಿಸಿದರು. ಇನ್ನೊಂದು ಗುಂಪಿನವರನ್ನು ತೂಗಿದರು, ವರದಿ ಕಳಿಸಲಿಲ್ಲ. ಮೂರನೆಯವರನ್ನು ತೂಗಲೇ ಇಲ್ಲ. ಫಲಿತಾಂಶ ಏನು ಗೊತ್ತೇ? ವರದಿ ಹೋದ ಮನೆಗಳ ಮಕ್ಕಳ ತೂಕದಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಶಾಲೆಯಲ್ಲಿ ತೂಗಿಸಿಕೊಂಡ ಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಬೇಸರ ಮಾತ್ರ ಹೆಚ್ಚಿತು.

ಇದರಿಂದ ತೂಗುವುದೇ ಬೇಡ ಎಂದು ತಿಳಿಯಬಾರದು. ಅಂಕಿಯೊಂದನ್ನೇ ಕೊಟ್ಟು ದಾರಿ ತೋರಿಸದಿದ್ದರೆ ಅದು ಉಪಕಾರಕ್ಕಿಂತ ನೋವನ್ನೇ ಹೆಚ್ಚು ಮಾಡಬಹುದು ಎಂದು ತಿಳಿಯಬೇಕು. ಅದರಲ್ಲೂ ಎಲ್ಲರೆದುರು ತೂಕವನ್ನು ಗಟ್ಟಿಯಾಗಿ ಕೂಗಿದರೆ? 'ಡುಮ್ಮ', 'ಕಡ್ಡಿ' ಎಂದು ಹೆಸರಿಟ್ಟರೆ? ಆ ಮಗು ಮುಂದಿನ ಸಲ ತಂಡ ಬರುವ ದಿನ ಶಾಲೆಗೇ ಬರುವುದಿಲ್ಲ. ಯಾರನ್ನು ನೋಡಲೆಂದು ವೈದ್ಯರು ಅಷ್ಟು ದೂರ ಬಂದರೋ ಆ ಮಗುವೇ ತಪ್ಪಿಹೋಗುತ್ತದೆ.

ಇನ್ನೊಂದು ಮಾತು. ದೇಹದ ಎತ್ತರ, ತೂಕ ಊಟ ಆಟಗಳಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಕಾಯಿಲೆಯೊಂದು 1970ರ ದಶಕದಲ್ಲಿ ಬೆಳಕಿಗೆ ಬಂತು. ಕೀಲುಗಳು ನೋಯುವ, ಕೆಲವರಲ್ಲಿ ದೇಹ ಗಿಡ್ಡವಾಗುವ ತೊಂದರೆ ಅದು. ವಂಶವಾಹಿಯ ಮೂಲಕ ಬರುವ ಮೂಳೆಯ ದೋಷ ಎಂದು ಸಂಶೋಧಕರು ಕಂಡುಕೊಂಡರು. ಇಂಥ ತೊಂದರೆಯಲ್ಲಿ ಮಗುವಿನ ತಪ್ಪು ಏನಿದೆ? ದೇಹ ನೋಡಿ ನಗುವವರಿಗೆ ವಿಜ್ಞಾನ ತಿಳಿದಿಲ್ಲ ಎಂದೇ ಅರ್ಥ.

ಏನು ಮಾಡಬೇಕು?

ನನಗೆ ತೋಚಿದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಒಂದು, ಪ್ರತಿ ಮಗುವಿಗೂ ಏಳನೇ ತರಗತಿ ಮುಗಿಯುವವರೆಗೆ ಒಂದೇ ಬೆಳವಣಿಗೆ ಕಾರ್ಡ್ ಇರಲಿ. ಅಂಗನವಾಡಿಯ ಗೆರೆ ಎಲ್ಲಿ ನಿಂತಿತೋ ಅಲ್ಲಿಂದಲೇ ಇದು ಮುಂದುವರಿಯಲಿ. ಆರೋಗ್ಯ ತಂಡ ವರ್ಷಕ್ಕೊಮ್ಮೆ ಚುಕ್ಕಿ ಇಟ್ಟರೆ, ಉಳಿದ ಮೂರು ಸಲ ಶಾಲೆಯವರೇ ಅಳೆದು ಚುಕ್ಕಿ ಇಡಲಿ. ವರ್ಷಕ್ಕೆ ನಾಲ್ಕು ಚುಕ್ಕಿ ಸಾಕು.

ಎರಡು, ತೂಗುವುದು ಪರದೆಯ ಹಿಂದೆ ನಡೆಯಲಿ. ಅಂಕಿ ಮಗುವಿಗೆ, ಮನೆಯವರಿಗೆ, ಶಿಕ್ಷಕರಿಗೆ, ವೈದ್ಯರಿಗೆ ಮಾತ್ರ ತಿಳಿಯಲಿ.

ಮೂರು, ಗೆರೆ ಜಾರುತ್ತಿರುವ ಅಥವಾ ಒಮ್ಮೆಲೇ ಏರುತ್ತಿರುವ ಮಗುವಿನ ಬಗ್ಗೆ ಶಿಕ್ಷಕರು, ಆಶಾ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಅಧಿಕಾರಿ ಮತ್ತು ಮನೆಯವರು ಒಟ್ಟಿಗೆ ಕುಳಿತು ಮಾತನಾಡಲಿ. ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರೆ ಸಾಲದು. ಕಾಡಂಚಿನ ಒಂಟಿಮನೆಯಿಂದ ಒಂದು ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋಗುವುದು ಸುಲಭವಲ್ಲ. ಮಗು ಆಸ್ಪತ್ರೆ ಮುಟ್ಟಿತೇ ಎಂದು ಯಾರಾದರೂ ವಿಚಾರಿಸಬೇಕು. ಶರಾವತಿ ಹಿನ್ನೀರಿನ ತುಮರಿಯ ಕಡೆಯವರು ಲಾಂಚಿಗಾಗಿ ಕಾಯುತ್ತಿದ್ದ ಕಾಲವಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ದಾರಿ ಆದ ಮೇಲೆ ಅದರ ಮೇಲೆ ಆರೋಗ್ಯವೂ ನಡೆದು ಬರಬೇಕಲ್ಲವೇ?

ನಾಲ್ಕು, ಊಟದ ತಟ್ಟೆ ನಮ್ಮ ನೆಲದ್ದೂ ಆಗಲಿ. ಆರರಿಂದ ಎಂಟನೇ ತರಗತಿಯವರ ಬಿಸಿಯೂಟದಲ್ಲಿ 700 ಕಿಲೋಕ್ಯಾಲೊರಿ, 20 ಗ್ರಾಂ ಪ್ರೋಟೀನು ಇರಬೇಕೆಂಬ ನಿಯಮವಿದೆ. ಆ ತಟ್ಟೆಗೆ ಬೇಕಾದ ಬಸಳೆ, ಹರಿವೆ, ನುಗ್ಗೆಸೊಪ್ಪು ನಮ್ಮ ಹಿತ್ತಲಲ್ಲೇ ಬೆಳೆಯುತ್ತವೆ. ಒಂದೆಲಗದ ತಂಬುಳಿ, ಹಲಸಿನ ಬೀಜದ ಪಲ್ಯ ನಮಗೆ ಹೊಸದಲ್ಲ. ಶಾಲೆಯ ಕೈತೋಟದಲ್ಲಿ ಇವು ಬೆಳೆದರೆ ಪಾಠವೂ ಆಯಿತು, ಪಲ್ಯವೂ ಆಯಿತು.

'ಮೇಷ್ಟರಿಗೆ ಪಾಠದ ಕೆಲಸವೇ ಸಾಕಷ್ಟಿದೆ, ಇದೂ ಏಕೆ?' ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮೂರು ತಾಲ್ಲೂಕುಗಳಲ್ಲಿ ಒಬ್ಬಿಬ್ಬರು ಶಿಕ್ಷಕರೇ ಎಲ್ಲ ತರಗತಿ ನೋಡಿಕೊಳ್ಳುವ ಸಣ್ಣ ಶಾಲೆಗಳಿವೆ. ಆದರೆ ಸಣ್ಣ ಶಾಲೆಯಲ್ಲಿ ತೂಗಬೇಕಾದ ಮಕ್ಕಳೂ ಕಡಿಮೆ. ಮೇಲಾಗಿ ಸರಾಸರಿ, ದಶಮಾಂಶ, ನಕ್ಷೆ ಬರೆಯುವುದು ನಿಮ್ಮ ಗಣಿತದ ಪಾಠದಲ್ಲೇ ಇವೆ. ಪುಸ್ತಕದ ಲೆಕ್ಕದ ಬದಲು ನಿಮ್ಮದೇ ಎತ್ತರದ ಲೆಕ್ಕ ಮಾಡಿದರೆ ಪಾಠ ಹಿಂದೆ ಬೀಳುವುದಿಲ್ಲ.

ಮಂಗನ ಕಾಯಿಲೆ ನಮಗೆಲ್ಲ ಗೊತ್ತು. ಅದರ ವೈರಸ್ಸನ್ನು 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿದಾಗ ಇಡೀ ನಾಡೇ ಬೆಚ್ಚಿತು. ಜ್ವರ ಬಂದರೆ ಎಲ್ಲರೂ ಓಡಿ ಬರುತ್ತಾರೆ. ಆದರೆ ತೂಕ ಇಳಿಯುವುದಕ್ಕೆ ಜ್ವರ ಬರುವುದಿಲ್ಲ, ತೂಕ ಏರುವುದಕ್ಕೆ ನೋವಾಗುವುದಿಲ್ಲ. ಅದು ಸದ್ದಿಲ್ಲದೆ ನಡೆಯುತ್ತದೆ. ಸದ್ದಿಲ್ಲದ್ದನ್ನು ಕಾಣಬೇಕಾದರೆ ಅಳೆಯಬೇಕು, ಬರೆದಿಡಬೇಕು, ಗೆರೆ ಎಳೆಯಬೇಕು. ವಿಜ್ಞಾನ ಎಂದರೆ ಇದೇ ಅಲ್ಲವೇ?

ನೀವೇ ಮಾಡಿ ನೋಡಿ

ಮನೆಯ ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನೇರ ನಿಲ್ಲಿ. ತಲೆಯ ಮೇಲೆ ಪುಸ್ತಕವನ್ನು ಅಡ್ಡಲಾಗಿ ಇಟ್ಟು ಅಕ್ಕನಿಂದಲೋ ಅಣ್ಣನಿಂದಲೋ ಗುರುತು ಹಾಕಿಸಿ, ಟೇಪಿನಿಂದ ಅಳೆಯಿರಿ. ದಿನಾಂಕದ ಜೊತೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ. ಮುಂದಿನ ಸಲ ಆರೋಗ್ಯ ತಂಡ ಬಂದಾಗ ನಿಮ್ಮ ತೂಕವನ್ನು ಕೇಳಿ ತಿಳಿದುಕೊಂಡು ಅದರ ಪಕ್ಕ ಬರೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ. ಈ ಲೆಕ್ಕವನ್ನು ಗೆಳೆಯರ ಜೊತೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ಲೆಕ್ಕದ ಜೊತೆ ಹೋಲಿಸಿ. ಸಂಖ್ಯೆ ನೋಡಿ ಗಾಬರಿಯಾಗಿ ಊಟ ಬಿಡುವುದಾಗಲಿ, ಅಂಗಡಿಯಿಂದ ಪುಡಿ, ಮಾತ್ರೆ ತರುವುದಾಗಲಿ ಖಂಡಿತ ಮಾಡಬೇಡಿ. ಅನುಮಾನವಿದ್ದರೆ ಶಿಕ್ಷಕರಿಗೆ ತೋರಿಸಿ, ತಂಡದ ವೈದ್ಯರನ್ನು ಕೇಳಿ.

'ಸರ್, ಹೋದ ವರ್ಷ ನನ್ನ ತೂಕ ಇಷ್ಟಿತ್ತು, ಈಗ ಇಷ್ಟಾಗಿದೆ. ಇದು ಸರಿಯೇ?' ಎಂದು ನೀವು ಕೇಳಿದ ದಿನ ಶಿಕ್ಷಕರೂ ವೈದ್ಯರೂ ಒಟ್ಟಿಗೆ ನಿಮ್ಮ ಕಾರ್ಡಿನ ಮೇಲೆ ಬಗ್ಗಿ ನೋಡಲೇಬೇಕಾಗುತ್ತದೆ. ಅವರಿಬ್ಬರನ್ನು ಕೂಡಿಸುವ ಶಕ್ತಿ ನಿಮ್ಮ ಆ ಒಂದು ಪ್ರಶ್ನೆಗಿದೆ. ಕೇಳುತ್ತೀರಲ್ಲ?